ದಸರಾ ರಜೆಗೆ ಪಟ್ಟಣದ ಮನೆಗಳು: ನಿಂತದ್ದು ಯಾವುದು, ಬಿದ್ದದ್ದು ಯಾಕೆ?

ದಸರಾ ರಜೆ ಬಿತ್ತು ಅಂದರೆ ನಮ್ಮ ಮಂಡ್ಯ ಜಿಲ್ಲೆಯ ಅರ್ಧ ಜನ ಮೈಸೂರಿಗೆ ಹೊರಡುತ್ತಾರೆ. ಅರಮನೆ ದೀಪ, ವಸ್ತುಪ್ರದರ್ಶನ, ಮಕ್ಕಳಿಗೆ ಜೈಂಟ್ ವೀಲು, ದೊಡ್ಡವರಿಗೆ ಮಸಾಲೆ ದೋಸೆ. ದಾರಿಯಲ್ಲಿ ಶ್ರೀರಂಗಪಟ್ಟಣ ಸಿಕ್ಕಿದರೆ ಒಂದು ಗಂಟೆ ಗಾಡಿ ನಿಲ್ಲಿಸಿ ರಂಗನಾಥಸ್ವಾಮಿಗೆ ಕೈ ಮುಗಿದು, ದರಿಯಾ ದೌಲತ್, ಗುಂಬಜ್ ನೋಡಿ 'ಪಟ್ಟಣ ನೋಡಿದ್ವಿ' ಅನ್ನುವುದು ವಾಡಿಕೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಅದೂ ಕಡಿಮೆಯಾಯಿತು. ಬೈಪಾಸಿನಲ್ಲಿ ಹೋಗುವ ಕಾರಿಗೆ ಪಟ್ಟಣ ಅನ್ನುವುದು ಒಂದು ಬೋರ್ಡು, ಅಷ್ಟೇ.

ದಸರಾಕ್ಕೂ ಪಟ್ಟಣಕ್ಕೂ ಇರುವ ನಂಟು ಗೊತ್ತಿಲ್ಲದವರಿಗೆ ಒಂದು ಮಾತು. ರಾಜ ಒಡೆಯರು 1610ರಲ್ಲಿ ವಿಜಯನಗರದ ಪ್ರತಿನಿಧಿ ತಿರುಮಲನಿಂದ ಈ ಊರು ಪಡೆದು, ಅದೇ ವರ್ಷ ಇಲ್ಲಿ ದಸರಾ ಶುರು ಮಾಡಿದರು. ಮೈಸೂರಿಗೆ ಹಬ್ಬ ಹೋದದ್ದು ಆಮೇಲೆ. ಅಂದರೆ ದಸರಾದ ತವರುಮನೆ ಪಟ್ಟಣ. ಹಬ್ಬಕ್ಕೆ ತವರುಮನೆ ಬಿಟ್ಟು ಮುಂದೆ ಹೋಗುವ ಜನ ನಾವು!

ಈ ಸಲದ ರಜೆಗೆ ಈ ಅಂಕಣ ಒಂದು ಸಣ್ಣ ತಿರುಗಾಟ ಸೂಚಿಸುತ್ತದೆ. ಕೋಟೆ, ಗುಡಿ, ಗೋರಿ ಹೇಗೂ ನೋಡುತ್ತೀರಿ. ಅದರ ಜತೆಗೆ ಮನೆಗಳನ್ನು ನೋಡಿ. ಜನ ಇದ್ದ, ಉಂಡ, ಮಲಗಿದ, ಹುಟ್ಟಿದ, ಸತ್ತ ಮನೆಗಳು. ಸುಮಾರು ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲದ ದ್ವೀಪ ಇದು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಸಂಜೆಯ ಬಸ್ಸಿಗೆ ವಾಪಸು. ನೋಡುವಾಗ ಒಂದೇ ಪ್ರಶ್ನೆ ತಲೆಯಲ್ಲಿರಲಿ: ಇದು ನಿಂತಿದೆ, ಅದು ಬಿದ್ದಿದೆ, ಯಾಕೆ?

ಮೊದಲು ಇಲ್ಲದ ಮನೆ

ರಂಗನಾಥಸ್ವಾಮಿ ದೇವಸ್ಥಾನದ ಆಸುಪಾಸಿನಲ್ಲೇ ಟಿಪ್ಪುವಿನ ಲಾಲ್ ಮಹಲ್ ಇತ್ತು. ಈಗ ಅಲ್ಲಿರುವುದು ಬುನಾದಿ, ಒಂದಷ್ಟು ಮೋಟುಗೋಡೆ. ಚಪ್ಪಲಿ ಬಿಟ್ಟು ದೇವರಿಗೆ ಹೋಗುವ ನೂರು ಜನರಲ್ಲಿ ಹತ್ತು ಜನವೂ ಈ ಕಡೆ ತಿರುಗಿ ನೋಡುವುದಿಲ್ಲ. ನೋಡಲು ಏನಿದೆ ಅಂತೀರಾ? ಕೇಳಿ.

1800ರಲ್ಲಿ, ಅಂದರೆ ಟಿಪ್ಪು ಸತ್ತ ಮಾರನೇ ವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿಗೆ ಬಂದ. ಕಂಪನಿ ಸರ್ಕಾರ ಅವನನ್ನು ಹೊಸದಾಗಿ ಗೆದ್ದ ಸೀಮೆಯ ಬೆಳೆ, ಕಸುಬು, ಜನ ಎಲ್ಲವನ್ನೂ ಬರೆದು ತರಲು ಕಳಿಸಿತ್ತು. ಸುಲ್ತಾನ ಮಲಗುತ್ತಿದ್ದ ಕೋಣೆಯನ್ನೂ ಅವನು ಬರೆದಿಟ್ಟಿದ್ದಾನೆ. ಮೇಲಿನಿಂದ ಸರಪಳಿಯಲ್ಲಿ ತೂಗುಬಿಟ್ಟ ಹಾಸಿಗೆ, ಕೈಗೆ ಸಿಗುವ ಹಾಗೆ ಕತ್ತಿ ಮತ್ತು ಪಿಸ್ತೂಲು. ಇಷ್ಟು ದೊಡ್ಡ ರಾಜ್ಯದ ದೊರೆ ತನ್ನ ಮನೆಯಲ್ಲೇ ನಿದ್ದೆಗೆಟ್ಟು ಮಲಗುತ್ತಿದ್ದ ಅನ್ನುವುದು ಆ ಒಂದು ಹಾಸಿಗೆಯಿಂದ ತಿಳಿಯುತ್ತದೆ. ಯುದ್ಧದ ಪುಸ್ತಕ ನೂರು ಓದಿದರೂ ಇದು ಸಿಗುವುದಿಲ್ಲ. ಮನೆ ನೋಡಬೇಕು ಅನ್ನುವುದು ಇದಕ್ಕೇ.

1799ರ ಮೇ 4ರಂದು ಕೋಟೆ ಬಿತ್ತು. ಟಿಪ್ಪು ಹೋದ. ಆಮೇಲೆ ನಡೆದದ್ದು ಲೂಟಿ. ಸಿಂಹಾಸನ ಒಡೆದು ಹಂಚಿಕೊಂಡರು. ಕೀಲಿ ಕೊಟ್ಟರೆ ಗರ್ಜಿಸುವ ಮರದ ಹುಲಿ ಲಂಡನ್ನಿಗೆ ಹೋಯಿತು, ಈಗಲೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಪುಸ್ತಕ ಭಂಡಾರವನ್ನು ಕಲಕತ್ತೆಗೂ ಲಂಡನ್ನಿಗೂ ಸಾಗಿಸಿದರು. ಸಾಮಾನು ಹೋದ ಮೇಲೆ ಮನೆಯೂ ಹೋಯಿತು.

ಅರಸು ಹುಟ್ಟಿದ ಜಾಗ

ಅಲ್ಲಿಂದ ಕೋಟೆಯೊಳಗೇ ವಿಚಾರಿಸಿಕೊಂಡು ಹೋದರೆ ಒಂದು ಸಣ್ಣ ಮಂಟಪ ಸಿಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1794ರ ಜುಲೈ 14ರಂದು ಹುಟ್ಟಿದ ಜಾಗದ ಗುರುತು ಅದು. ಹುಟ್ಟಿದ್ದು ಅರಸು ಮನೆತನದಲ್ಲಿ, ಆದರೆ ಅಧಿಕಾರ ಆಗ ಟಿಪ್ಪುವಿನದು. 1796ರಲ್ಲಿ ತಂದೆ ಚಾಮರಾಜ ಒಡೆಯರು ತೀರಿಕೊಂಡಾಗ ಒಡೆಯರ ಹಳೇ ಅರಮನೆಯನ್ನು ಬರಿದು ಮಾಡಿ, ಮಗುವನ್ನೂ ಹೆಂಗಸರನ್ನೂ ಬೇರೆ ಸಾಮಾನ್ಯ ಮನೆಗೆ ಕಳಿಸಿದರು. ಮೂರು ವರ್ಷದ ಮೇಲೆ, 1799ರ ಜೂನ್ 30ರಂದು, ಅದೇ ಐದು ವರ್ಷದ ಹುಡುಗನನ್ನು ಇಂಗ್ಲಿಷರು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ರಾಜಧಾನಿಯೂ ಅವನ ಹಿಂದೆ ಮೈಸೂರಿಗೆ ಹೋಯಿತು.

ಇಲ್ಲಿ ನಿಂತು ಲೆಕ್ಕ ಹಾಕಿ. ಸುಲ್ತಾನನ ಮನೆ ಇಲ್ಲ. ಒಡೆಯರ ಮನೆಯೂ ಇಲ್ಲ. ಟಿಪ್ಪು ಪರ, ಟಿಪ್ಪು ವಿರುದ್ಧ ಅಂತ ಇವತ್ತಿಗೂ ಜಗಳ ಆಡುತ್ತೇವಲ್ಲ, ಊರಿನ ಮಣ್ಣು ಮಾತ್ರ ಇಬ್ಬರ ಮನೆಯನ್ನೂ ಒಂದೇ ಸಮ ನುಂಗಿದೆ.

ಪೂರ್ಣಯ್ಯನವರ ಕೊನೆಯ ಬಿಡಾರ

ನದಿ ದಂಡೆಯ ಮೇಲೆ ಲಾರ್ಡ್ ಹ್ಯಾರಿಸ್ ಬಂಗಲೆ ಇದೆ. ಡಾಕ್ಟರ್ ಬಂಗಲೆ ಅಂತಲೂ, ಪೂರ್ಣಯ್ಯನವರ ಬಂಗಲೆ ಅಂತಲೂ ಕರೆಯುತ್ತಾರೆ. ಒಂದು ಮನೆಗೆ ಮೂರು ಹೆಸರು ಇದ್ದರೆ ಮೂರು ಕಡೆಯ ಜನ ಅಲ್ಲಿ ಇದ್ದರು ಅಂತಲೇ ಅರ್ಥ. 1799ರ ಮುತ್ತಿಗೆಯ ಸೇನಾಪತಿ ಜನರಲ್ ಹ್ಯಾರಿಸ್ ಕೋಟೆ ಬಿದ್ದ ಮೇಲೆ ಸ್ವಲ್ಪ ದಿನ ಇಲ್ಲಿದ್ದ. ಕೊನೆಗೆ ಬಂದವರು ದಿವಾನ್ ಪೂರ್ಣಯ್ಯನವರು.

ಪೂರ್ಣಯ್ಯನವರ ಬದುಕು ಒಂದು ಸೋಜಿಗ. ಹೈದರನ ಕೈಕೆಳಗೆ ಲೆಕ್ಕ ಬರೆದವರು, ಟಿಪ್ಪುವಿನ ಮಂತ್ರಿಯಾದವರು, ಅವನು ಸತ್ತ ಮೇಲೆ ಪುಟ್ಟ ಕೃಷ್ಣರಾಜರ ಹೆಸರಿನಲ್ಲಿ 1811ರವರೆಗೆ ರಾಜ್ಯ ನಡೆಸಿದವರು. 1804ರಲ್ಲಿ ಕಾವೇರಿಗೆ ಅವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಎಷ್ಟು ನೆರೆ ಕಂಡರೂ ನಿಂತಿವೆ. 1807ರಲ್ಲಿ ಯಳಂದೂರು ಜಹಗೀರು ಸಿಕ್ಕಿತು. ಜಹಗೀರು ಯಳಂದೂರಿನಲ್ಲಿ, ದೊರೆ ಮೈಸೂರಿನಲ್ಲಿ. ಆದರೂ ಅಧಿಕಾರ ಬಿಟ್ಟ ಮೇಲೆ ಮುದುಕರು ಬಂದು ಕೂತದ್ದು ಈ ಪಟ್ಟಣದ ಹೊಳೆ ದಂಡೆಯಲ್ಲಿ. 1812ರ ಮಾರ್ಚಿನಲ್ಲಿ ಪ್ರಾಣ ಬಿಟ್ಟದ್ದೂ ಇಲ್ಲೇ. ಮೂವರು ದೊರೆಗಳ ಊಳಿಗ ಮಾಡಿದ ಮನುಷ್ಯನ ಕೊನೆಯ ಮನೆ ಇದು. ಟೂರಿಸ್ಟ್ ಬಸ್ಸಿನವರ ಪಟ್ಟಿಯಲ್ಲಿ ಇದರ ಹೆಸರು ಬರುವುದೇ ಅಪರೂಪ.

ಸ್ಕಾಟ್ ಬಂಗಲೆಯ ಕಥೆ

ಮೈಸೂರು ಬಾಗಿಲಿನ ಆಚೆ, ಹೊಳೆ ಬದಿಯಲ್ಲೇ ಸ್ಕಾಟ್ ಬಂಗಲೆ. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಕಥೆ ಹೇಳದೆ ಬಿಡುವುದಿಲ್ಲ ಅವು. ಕರ್ನಲ್ ಸ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ಒಂದು ದಿನ ಕೆಲಸದಿಂದ ಮನೆಗೆ ಬಂದರೆ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತುಬಿದ್ದಿದ್ದರಂತೆ. ಅವನು ಇದ್ದ ಹಾಗೇ ಹೊರಟುಹೋದನಂತೆ, ಮತ್ತೆ ಬರಲಿಲ್ಲವಂತೆ. ಮೇಜು, ಕುರ್ಚಿ, ಮಂಚ, ಪಿಯಾನೊ ಇದ್ದ ಜಾಗದಲ್ಲೇ ಇರಲಿ ಅಂತ ಮಹಾರಾಜರ ಅಪ್ಪಣೆ ಆಯಿತಂತೆ. ಧೂಳು ಹಿಡಿದ ಆ ಸಾಮಾನು ನೋಡಲು ಆ ಕಾಲದ ದೊರೆಸಾನಿಗಳು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಆಮೇಲೆ ಇದು ಇಂಗ್ಲಿಷ್ ಪದ್ಯಕ್ಕೂ ವಸ್ತುವಾಯಿತು.

ಕಥೆಯಲ್ಲಿ ಎಷ್ಟು ನಿಜ, ಎಷ್ಟು ಉಪ್ಪುಕಾರ ಅನ್ನುವುದಕ್ಕೆ ತಕರಾರಿದೆ. ಕಾಲರಾ ಅಲ್ಲ, ಹೆರಿಗೆಯಲ್ಲಿ ಹೆಂಡತಿ ಹೋದಳು ಅನ್ನುವವರಿದ್ದಾರೆ. ಕಾಯಿಲೆ ಮಾತ್ರ ಕಥೆಯಲ್ಲ. ಹೊಳೆ ಬದಿಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ ನೋಡಿ. ಯುರೋಪಿನ ಅಧಿಕಾರಿಗಳು, ಅವರ ಹೆಂಡತಿಯರು, ಹಾಲುಗಲ್ಲದ ಕೂಸುಗಳು ಸಾಲಾಗಿ ಮಲಗಿದ್ದಾರೆ. ಗುಂಡೇಟಿಗಿಂತ ಜ್ವರದ ಕಾಟ ಈ ದ್ವೀಪದಲ್ಲಿ ಹೆಚ್ಚಾಯಿತು. ಕೊನೆಗೆ ದಂಡು ಇಲ್ಲಿಂದ ಕಾಲು ಕಿತ್ತು ಬೆಂಗಳೂರಿಗೆ ಹೋಯಿತು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದು 1809ರಲ್ಲಿ. ನಮ್ಮೂರಿನ ಜ್ವರ ಬೆಂಗಳೂರಿನ ಭಾಗ್ಯವಾಯಿತು ನೋಡಿ.

ನಿಂತ ಮನೆ ಒಂದು

ಮಧ್ಯಾಹ್ನದ ಊಟ ಮುಗಿಸಿ ಗಂಜಾಂ ದಾರಿ ಹಿಡಿದರೆ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ತೇಗದ ಕಂಬ, ಸುತ್ತ ಜಗಲಿ, ನಾಲ್ಕು ಕಡೆ ತೋಟ. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ. 1780ರ ಸೆಪ್ಟೆಂಬರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಪಡೆಯನ್ನು ಬಡಿದದ್ದು ಅಲ್ಲಿದೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿರುವ ಬೇಯ್ಲಿಯನ್ನೂ, ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ಮಕ್ಕಳಿಗೆ ತೋರಿಸಿ. ಹುಡುಕಿ ಹೇಳಿದವರಿಗೆ ಒಂದು ಐಸ್‌ಕ್ರೀಮು.

ಈಗ ಪ್ರಶ್ನೆ. ಲಾಲ್ ಮಹಲ್ ಬಿತ್ತು, ಇದು ಯಾಕೆ ಉಳಿಯಿತು? ಉತ್ತರ ಸರಳ. ಇದರಲ್ಲಿ ಒಬ್ಬ ಸಂಸಾರ ಹೂಡಿದ. ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್, 1799ರ ನಂತರ ಇಲ್ಲಿ ವಾಸವಿದ್ದ. ತನ್ನವರೇ ಸೋತ ಯುದ್ಧದ ಆ ಚಿತ್ರ ಕೆಟ್ಟುಹೋಗಿದ್ದನ್ನು ಅವನೇ ತಿದ್ದಿಸಿದ. ಆಮೇಲೆ ಮತ್ತೆ ಸುಣ್ಣ ಬಳಿದು ಹಾಳಾಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಮೂಲ ಚಿತ್ರದ ನೆನಪಿದ್ದ ಇಲ್ಲಿನ ಕಲಾವಿದನಿಂದ ಪುನಃ ಬರೆಸಿದ. ಈಗ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತಿದೆ. ಸೂರಿನ ಕೆಳಗೆ ಒಬ್ಬ ಇದ್ದ, ಅದಕ್ಕೆ ಸೂರು ಉಳಿಯಿತು.

ಊಟಿಗೆ ಹೋದ ತೊಲೆಗಳು

ದ್ವೀಪದ ಪೂರ್ವದ ತುದಿಗೆ ಬನ್ನಿ. ಗುಂಬಜ್ ಇದೆ, ಹೈದರ್, ಅವನ ಬೇಗಂ, ಟಿಪ್ಪು ಮೂವರೂ ಅಲ್ಲಿದ್ದಾರೆ. ಅದರ ಆಸುಪಾಸಿನಲ್ಲೇ ಲಾಲ್ ಬಾಗ್ ಅರಮನೆ ಇತ್ತು. ಗೋರಿ ಉಳಿಯಿತು, ಮನೆ ಹೋಯಿತು. ಎಲ್ಲಿಗೆ ಹೋಯಿತು? ಊಟಿಗೆ! 1830ರಲ್ಲಿ ಕಟ್ಟಿ ಮುಗಿಸಿದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ದೊಡ್ಡ ದೊಡ್ಡ ತೊಲೆಗಳನ್ನು ಇಲ್ಲಿನ ಅರಮನೆ ಬಿಚ್ಚಿ ಸಾಗಿಸಿದರು. ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗಿ ಆ ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡ ನಮ್ಮ ಜಿಲ್ಲೆಯವರು ಎಷ್ಟೋ ಜನ ಇದ್ದೀರಿ. ತಲೆಯ ಮೇಲಿದ್ದದ್ದು ಪಟ್ಟಣದ ಮರ ಸ್ವಾಮಿ.

ಬಿದ್ದದ್ದು ಯಾಕೆ?

ಫಿರಂಗಿಯಿಂದ ಬಿತ್ತು ಅನ್ನುವುದು ನಮ್ಮ ತಿಳಿವಳಿಕೆ. ಫಿರಂಗಿ ಬೀಳಿಸಿದ್ದು ಕೋಟೆಗೋಡೆಯ ಒಂದು ಭಾಗ. ಮನೆಗಳನ್ನು ಬೀಳಿಸಿದ್ದು ಬೇರೆ.

1799ರ ಒಪ್ಪಂದದಲ್ಲಿ ರಾಜ್ಯ ಒಡೆಯರಿಗೆ ಬಂದರೂ ಈ ದ್ವೀಪ ಕಂಪನಿಗೆ ಹೋಯಿತು. ಆಮೇಲೆ ಮೈಸೂರು ಸಂಸ್ಥಾನ ತನ್ನದೇ ಹಳೇ ರಾಜಧಾನಿಗೆ ವರ್ಷಕ್ಕೆ 50 ಸಾವಿರ ರೂಪಾಯಿ ಬಾಡಿಗೆ ಕಟ್ಟುವ ಏರ್ಪಾಡಾಯಿತು. ಮಾಲೀಕ ಒಬ್ಬ, ಬಾಡಿಗೆದಾರ ಒಬ್ಬ, ವಾಸ ಇಬ್ಬರೂ ಇಲ್ಲ. ಬಾಡಿಗೆ ಮನೆಯ ಪಾಡು ಗೊತ್ತಲ್ಲ? ಸೋರಿದರೆ ಮಾಲೀಕ ನೋಡಲಿ ಅಂತ ಇವನು, ಇರುವವನು ನೋಡಲಿ ಅಂತ ಅವನು. 1881ರಲ್ಲಿ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟು ದ್ವೀಪವನ್ನು ಸಂಸ್ಥಾನ ವಾಪಸು ಪಡೆಯಿತು. ಅಷ್ಟರಲ್ಲಿ 82 ವರ್ಷ ಕಳೆದಿತ್ತು.

ಜನವೂ ಕರಗಿದರು. ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅಂತ ಬುಕಾನನ್ ಅಂದಾಜು ಮಾಡಿದ್ದಾನೆ. ಅವನು ಬಂದಾಗ, ಸಿಪಾಯಿಗಳನ್ನು ಬಿಟ್ಟು, ಉಳಿದಿದ್ದವರು ಸುಮಾರು 32 ಸಾವಿರ. ಗಂಜಾಂ ಪೇಟೆಯನ್ನೇ ತೆಗೆದುಕೊಳ್ಳಿ. ಅದನ್ನು ತುಂಬಿಸಲು ಟಿಪ್ಪು ಶಿರಾದಿಂದ 12 ಸಾವಿರ ಕುಟುಂಬ ಎಬ್ಬಿಸಿ ತಂದ ಅಂತ ಗೆಜೆಟಿಯರಿನಲ್ಲಿದೆ. ಬಲವಂತದಿಂದ ಬಂದವರು ಬಲ ಮುಗಿದ ಮೇಲೆ ಯಾಕೆ ಇರುತ್ತಾರೆ?

ಜನ ಬಿಟ್ಟ ಮನೆ ಹೇಗೆ ಬೀಳುತ್ತದೆ ಅನ್ನುವುದನ್ನು ಹಳ್ಳಿಯವರಿಗೆ ಹೇಳಬೇಕಾಗಿಲ್ಲ, ಪೇಟೆ ಹುಡುಗರಿಗೆ ಹೇಳುತ್ತೇನೆ. ಮೊದಲು ಒಂದು ಹೆಂಚು ಜಾರುತ್ತದೆ. ಮನೆಯಲ್ಲಿ ಜನ ಇದ್ದರೆ ಮಳೆಗಾಲದ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಇಲ್ಲದಿದ್ದರೆ ಆ ಒಂದು ತೂತಿನಿಂದ ನೀರು ಇಳಿದು ಮಣ್ಣಿನ ಗೋಡೆ ನೆನೆಯುತ್ತದೆ. ಗೋಡೆಯ ಮೇಲೆ ಕೂತ ತೊಲೆಯ ತುದಿ ಕೊಳೆಯುತ್ತದೆ. ಸೌದೆ ಒಲೆಯ ಹೊಗೆ ಇದ್ದಷ್ಟು ದಿನ ಹುಳು ಹತ್ತಿರ ಬರುತ್ತಿರಲಿಲ್ಲ, ಒಲೆ ಆರಿದ ಮೇಲೆ ಗೆದ್ದಲು ಏರುತ್ತದೆ. ನಾಲ್ಕು ಮಳೆಗಾಲ ಸಾಕು, ಸೂರು ಕುಸಿಯಲು. ಆಮೇಲೆ ಕಲ್ಲು, ಮರ ಹೊರುವವರು ತಾವಾಗಿ ಬರುತ್ತಾರೆ.

ಬೋರ್ಡಿಲ್ಲದ ಮನೆಗಳು

ಇಷ್ಟು ಹೊತ್ತು ದೊಡ್ಡವರ ಮನೆ ನೋಡಿದ್ದಾಯಿತು. ವಾಪಸು ಬರುವಾಗ ಕೋಟೆಯೊಳಗಿನ ಬೀದಿಗಳಲ್ಲಿ, ಗಂಜಾಂನಲ್ಲಿ, ನಿಧಾನ ನಡೆಯಿರಿ. ಜಗಲಿ ಇರುವ ಮನೆ, ಕಂಬದ ಪಡಸಾಲೆ, ನಡುವೆ ತೊಟ್ಟಿ, ತೊಟ್ಟಿಯಲ್ಲಿ ತುಳಸಿಕಟ್ಟೆ, ಕೆತ್ತನೆಯ ಬಾಗಿಲುವಾಡ. ಇವಕ್ಕೆ ಬೋರ್ಡಿಲ್ಲ, ಟಿಕೆಟ್ಟಿಲ್ಲ. ಅಂಗಡಿಯವರ, ಅರ್ಚಕರ, ಕುಶಲಕರ್ಮಿಗಳ ಮನೆಗಳು. ರಾಜಧಾನಿ ಹೋದ ಮೇಲೂ ಊರು ಬಿಡದೆ ಕೂತವರ ಮನೆಗಳು ಇವು. ಪಟ್ಟಣ ಇವತ್ತಿಗೂ ಊರಾಗಿ ಉಳಿದಿದ್ದರೆ ಇವರಿಂದ. ಹಂಪಿಯ ಹಾಗೆ ಬರೀ ಕಲ್ಲಾಗಿ ಉಳಿಯದಿದ್ದರೆ ಇವರಿಂದ.

ಈಗ ಇವರ ಪಾಡು ಕೇಳಿ. ಸ್ಮಾರಕ ರಕ್ಷಣೆಯ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ರಿಪೇರಿಗೆ ಅವಕಾಶ ಉಂಟು, ಆದರೆ ಅನುಮತಿ ಬೇಕು. ಬಯಲಿನಲ್ಲಿ ಒಂಟಿ ಗುಡಿ ಇದ್ದರೆ ಈ ಲೆಕ್ಕ ಸರಿ. ಪಟ್ಟಣದಲ್ಲಿ ಹೆಜ್ಜೆಗೊಂದು ಸ್ಮಾರಕ. ಒಂದರ ಸುತ್ತಿನ ಗೆರೆ ಇನ್ನೊಂದರ ಗೆರೆಯ ಮೇಲೆ ಬೀಳುತ್ತದೆ. ಅಜ್ಜನ ಮನೆಯ ಗೋಡೆ ಬಿರುಕು ಬಿಟ್ಟರೆ ಅರ್ಜಿ, ನಕ್ಷೆ, ಕಾಯುವುದು. ಮಕ್ಕಳು ಬೆಂಗಳೂರು ಸೇರಿರುತ್ತಾರೆ. 'ಯಾರಿಗೆ ಬೇಕು ಈ ರಗಳೆ' ಅಂತ ಬಾಗಿಲಿಗೆ ಬೀಗ ಬೀಳುತ್ತದೆ. ಬೀಗ ಬಿದ್ದ ಮೇಲೆ ಏನಾಗುತ್ತದೆ ಅಂತ ಮೇಲೆ ಬರೆದಾಗಿದೆ.

ಕಾಯ್ದೆ ಬೇಡ ಅನ್ನುವುದು ಈ ಅಂಕಣದ ವಾದ ಅಲ್ಲ. ಅದು ಇಲ್ಲದಿದ್ದರೆ ರಂಗನಾಥಸ್ವಾಮಿ ಗೋಪುರದ ಮಗ್ಗುಲಲ್ಲಿ ಇಷ್ಟು ಹೊತ್ತಿಗೆ ಐದು ಅಂತಸ್ತಿನ ಲಾಡ್ಜುಗಳು ಎದ್ದಿರುತ್ತಿದ್ದವು, ಯಾರೂ ಬೇರೆ ಹೇಳಬೇಕಾಗಿಲ್ಲ. ಆದರೆ ಕಲ್ಲನ್ನು ಕಾಯುವ ಕಾಯ್ದೆಗೆ ಕಲ್ಲಿನ ಪಕ್ಕ ಇರುವ ಮನುಷ್ಯ ಕಾಣಬೇಕು. ಹೊಸ ಕಟ್ಟಡಕ್ಕೆ ಎಷ್ಟು ಬಿಗಿ ಬೇಕೋ ಅಷ್ಟು ಇರಲಿ. ಹಳೇ ಮನೆಯ ಹೆಂಚು, ತೊಲೆ, ಗಾರೆ ಇದ್ದ ಹಾಗೇ ಸರಿಪಡಿಸುವವನಿಗೆ ಅನುಮತಿ ಬೇಗ ಸಿಗಲಿ, ಆದರೆ ಸ್ವಲ್ಪ ಸಹಾಯಧನವೂ ಸಿಗಲಿ. ಕಾಯುತ್ತಿರುವುದು ಅವನೂ ಅಲ್ಲವೇ?

ಮನಸ್ಸಿದ್ದರೆ ಮದ್ದಿನಮನೆಯೂ ನಡೆಯುತ್ತದೆ

ಇದೆಲ್ಲ ಆಗದ ಮಾತು ಅನ್ನುವವರು ರೈಲ್ವೆ ಹಳಿಯ ಹತ್ತಿರ ಹೋಗಿ ನೋಡಲಿ. ಬೆಂಗಳೂರು-ಮೈಸೂರು ಜೋಡಿಹಳಿಗೆ ಟಿಪ್ಪು ಕಾಲದ ಒಂದು ಮದ್ದಿನಮನೆ ಅಡ್ಡ ಬಂದಿತ್ತು. ಒಡೆಯಲಿಲ್ಲ. 2017ರಲ್ಲಿ ಸಾವಿರ ಟನ್ ತೂಕದ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿನಷ್ಟು ದೂರ ಜರುಗಿಸಿ ಕೂರಿಸಿದರು. ಇನ್ನೂರು ವರ್ಷದ ಇಟ್ಟಿಗೆ ಗಾರೆ ಕೆಡಲಿಲ್ಲ. ಕೋಟಿಗಟ್ಟಲೆ ಖರ್ಚು ಮಾಡಿ ಮದ್ದಿನಮನೆ ನಡೆಸಬಲ್ಲ ನಾಡಿಗೆ ವಾಸದ ಮನೆಯ ಸೂರು ನಿಲ್ಲಿಸಲು ಆಗದೇ? ಇದೇ ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ. ಪರೀಕ್ಷೆಗೆ ಬರುವವರು ಬರೀ ಗುಂಬಜ್ ನೋಡಿ ಹೋಗುವುದಿಲ್ಲ, ಊರು ಜೀವಂತ ಇದೆಯೋ ಇಲ್ಲವೋ ನೋಡುತ್ತಾರೆ.

ಆಗಬೇಕಾದ ಕೆಲಸ ಮೂರು. ಒಂದು, ಪುರಸಭೆ ಪ್ರತಿ ವಾರ್ಡಿನಲ್ಲಿ ನೂರು ವರ್ಷ ದಾಟಿದ ಮನೆಗಳ ಪಟ್ಟಿ ಮಾಡಬೇಕು. ಎರಡು, ಶ್ರೀರಂಗಪಟ್ಟಣ ದಸರಾ ನಡೆಸುವವರು ಕುಸ್ತಿ, ಕವಿಗೋಷ್ಠಿ, ಆರ್ಕೆಸ್ಟ್ರಾ ಜತೆಗೆ ಅರ್ಧ ದಿನದ ಮನೆ ತಿರುಗಾಟ ಇಡಬೇಕು, ಒಪ್ಪಿದ ಮನೆಯವರು ಜಗಲಿ ಪಡಸಾಲೆ ತೋರಿಸಲಿ. ಮೂರು, ನಮ್ಮ ನಿಮ್ಮ ಕೆಲಸ. ರಜೆಗೆ ಮಕ್ಕಳಿಗೆ ಕೊಟ್ಟ ಕಾಪಿ ಪುಸ್ತಕದಲ್ಲಿ ಒಂದು ಪುಟ: ನಮ್ಮ ಮನೆ ಕಟ್ಟಿಸಿದ್ದು ಯಾರು, ಯಾವ ವರ್ಷ, ಮರ ಎಲ್ಲಿಂದ ಬಂತು. ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳಲಿ.

'ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ' ಅಂತ ಮುಗಿಸುವುದು ನಮ್ಮ ಪತ್ರಿಕೆಯವರ ಹಳೇ ಚಾಳಿ. ಈ ವಿಷಯದಲ್ಲಿ ಸಂಬಂಧಪಟ್ಟವರ ಪೈಕಿ ಮೊದಲನೆಯವರು ಮನೆಯ ಬೀಗದ ಕೈ ಇಟ್ಟುಕೊಂಡವರು.

ಹೊರಡುವವರಿಗೆ ಎರಡು ಸೂಚನೆ. ಜನ ವಾಸವಿರುವ ಮನೆಯ ಮುಂದೆ ಕೇಳದೆ ಫೋಟೋ ಹೊಡೆಯಬೇಡಿ, ಕೇಳಿದರೆ ಒಳಗೆ ಕರೆದು ಮಜ್ಜಿಗೆಯನ್ನೇ ಕೊಟ್ಟಾರು. ದಸರಾ ಹೊತ್ತಿಗೆ ಕಾವೇರಿ ತುಂಬಿರುತ್ತಾಳೆ, ಸಂಗಮದಲ್ಲಿ ಸುಳಿ ಜೋರು. ಮಕ್ಕಳ ಕೈ ಬಿಡಬೇಡಿ.